ಹಕ್ಕಿಗೆ ಯಾವ ಕ್ಯಾಮೆರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹಕ್ಕಿ ನಡಿಗೆಗಳಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಬೆಲೆ ಹಬ್ಬಕ್ಕೊಂದು, ತಿಂಗಳಿಗೊಂದು ಆಗುವುದರಿಂದ ರೂಪಾಯಿ ಲೆಕ್ಕ ಬರೆದಿಲ್ಲ. ನೀವು ಹೆಚ್ಚಾಗಿ ಎಲ್ಲಿ ಹಕ್ಕಿ ನೋಡುತ್ತೀರಿ, ಎಷ್ಟು ಭಾರ ಹೊತ್ತು ನಡೆಯಬಲ್ಲಿರಿ ಎಂಬ ಎರಡು ಮಾತು ಮೊದಲು ಇತ್ಯರ್ಥವಾಗಲಿ. ಆಮೇಲೆ ಕ್ಯಾಮೆರಾದ ಹೆಸರು ಹುಡುಕುವುದು ಸುಲಭ.

## ಶುರು ಮಾಡುವವರಿಗೆ

ನಂಗೆ ಹಕ್ಕಿ ನೋಡೋದು ಇಷ್ಟ ಅಷ್ಟೇ. ಕ್ಯಾಮೆರಾ ಬೇಕೇ ಬೇಕಾ, ಬೈನಾಕ್ಯುಲರ್ ಸಾಕಾ?

ಬೈನಾಕ್ಯುಲರ್ ಸಾಕು. ಇನ್ನೂ ಹೇಳಬೇಕೆಂದರೆ ಮೊದಲು ಅದೇ ಬೇಕು. ಕ್ಯಾಮೆರಾ ಹಿಡಿದವರ ಗಮನ ಒಂದು ಹಕ್ಕಿಯ ಮೇಲೆ ನೆಟ್ಟಿರುತ್ತದೆ. ಬೈನಾಕ್ಯುಲರ್ ಹಿಡಿದವರು ಅದೇ ಹೊತ್ತಿನಲ್ಲಿ ಇಡೀ ಮರ ನೋಡಿ ಮುಗಿಸಿರುತ್ತಾರೆ.

ಕೊಳ್ಳುವಾಗ 8×42 ಕೇಳಿ. ಎಂಟು ಎಂದರೆ ಎಂಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 42ನ್ನು ಎಂಟರಿಂದ ಭಾಗಿಸಿದರೆ ಸುಮಾರು 5.25, ಕಣ್ಣಿಗೆ ಬಂದು ಬೀಳುವ ಬೆಳಕಿನ ಕಿರಣದ ದಪ್ಪ ಅಷ್ಟು ಮಿಲಿಮೀಟರ್. ಮುಂಜಾನೆ ಆರೂವರೆಯ ಮಬ್ಬಿನಲ್ಲಿ, ಕಾಡಿನ ನೆರಳಿನಲ್ಲಿ ಇದರ ಉಪಯೋಗ ಗೊತ್ತಾಗುತ್ತದೆ. 10×42ರಲ್ಲಿ ಹಕ್ಕಿ ದೊಡ್ಡದಾಗಿ ಕಂಡರೂ ಕೈನಡುಕವೂ ಅಷ್ಟೇ ದೊಡ್ಡದಾಗುತ್ತದೆ, ಕಾಣುವ ಹರವು ಕಿರಿದಾಗುತ್ತದೆ. ದೊಡ್ಡ ಕೆರೆಗಳಿಗೇ ಹೆಚ್ಚು ಹೋಗುವವರಿಗೆ ಅದೂ ಒಳ್ಳೆಯದೇ.

ಎಲೆಮರೆಯ ಉಲಿಯಕ್ಕಿ, ಕೆಸರಲ್ಲಿ ಓಡಾಡುವ ಸಣ್ಣ ಗೊರವಗಳು, ಮೇಲೆ ತೇಲುವ ಗಿಡುಗಗಳು ಯಾವುವೆಂದು ಗುರುತಿಸಲಾಗದೆ ಮನೆಗೆ ಬರುವ ದಿನಗಳು ಹೆಚ್ಚಾದಾಗ ಕ್ಯಾಮೆರಾ ಯೋಚಿಸಿ. ಗುರುತಿಗೆ ಸಾಕಾಗುವ ಫೋಟೋ ಅಂದವಾಗಿರಬೇಕಿಲ್ಲ.

ಈಗಿನ ಮೊಬೈಲ್‌ನಲ್ಲಿ 100 ಎಕ್ಸ್ ಜೂಮ್ ಇದೆಯಲ್ಲ, ಅದ್ರಲ್ಲೇ ಆಗಲ್ವಾ?

ಆ ನೂರು ಪಟ್ಟಿನಲ್ಲಿ ಗಾಜಿನ ಕೆಲಸ ಮೊದಲ ಕೆಲವು ಪಟ್ಟಿಗೆ ಮುಗಿಯುತ್ತದೆ. ಉಳಿದದ್ದು ಚಿತ್ರವನ್ನು ಕತ್ತರಿಸಿ ಹಿಗ್ಗಿಸಿ, ಇಲ್ಲದ ಗರಿಗಳನ್ನು ಸಾಫ್ಟ್‌ವೇರ್ ಊಹಿಸಿ ತುಂಬುವುದು. ಗುರುತು ಹಿಡಿಯುವ ಕೆಲಸಕ್ಕೆ ಈ ಊಹೆ ಅಪಾಯ.

ಆದರೂ ಮೊಬೈಲ್ ಸಾಕಾಗುವ ಜಾಗಗಳಿವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ಪಕ್ಕದ ಮರಗಳಲ್ಲೇ ಗೂಡು ಕಟ್ಟುತ್ತವೆ. ಬೀದಿಯಲ್ಲಿ ನಿಂತೇ ತೆಗೆಯಬಹುದು. ಮೊಬೈಲಿನ ಇನ್ನೊಂದು ದೊಡ್ಡ ಉಪಯೋಗ ಧ್ವನಿಮುದ್ರಣ: ಕಾಣದ ಹಕ್ಕಿಯ ಕೂಗನ್ನು ಹಿಡಿದಿಟ್ಟುಕೊಳ್ಳಿ. ಮರ್ಲಿನ್ ಆ್ಯಪ್ ಹಾಕಿಕೊಂಡರೆ ಅದು ಸೂಚಿಸುವ ಹೆಸರು ಹುಡುಕಾಟಕ್ಕೆ ಒಂದು ದಾರಿ ಕೊಡುತ್ತದೆ. ಅದನ್ನೇ ಕೊನೆಯ ತೀರ್ಪೆಂದು ತಗೊಳ್ಳಬೇಡಿ.

ಬ್ರಿಡ್ಜ್ ಕ್ಯಾಮೆರಾ ಅಂದ್ರೇನು? ಎಲ್ರೂ ಪಿ950 ತಗೋ ಅಂತಾರೆ, ತಗೊಳ್ಳಲಾ?

ಲೆನ್ಸ್ ಬಿಚ್ಚಲಾಗದ, ಆದರೆ ತುಂಬಾ ಉದ್ದಕ್ಕೆ ಜೂಮ್ ಆಗುವ ಕ್ಯಾಮೆರಾ ಬ್ರಿಡ್ಜ್ ಕ್ಯಾಮೆರಾ. ನಿಕಾನ್ ಪಿ900 2015ರಲ್ಲಿ 83 ಪಟ್ಟು ಜೂಮ್ ಹೊತ್ತು ಬಂದಾಗ ನಮ್ಮಲ್ಲಿ ಎಷ್ಟೋ ಜನರಿಗೆ ಹಕ್ಕಿ ಛಾಯಾಗ್ರಹಣದ ಬಾಗಿಲು ತೆರೆಯಿತು. 2020ರ ಪಿ950ರಲ್ಲಿ ಅದೇ ಜೂಮ್ ಜೊತೆಗೆ ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಚಿತ್ರದ ಮೂಲ ಮಾಹಿತಿ) ಕೂಡ ಸಿಕ್ಕಿತು. ಪಿ1000 ಮತ್ತು ಪಿ1100 ಕ್ಯಾಮೆರಾಗಳದು 125 ಪಟ್ಟು, ಅಂದರೆ 3000 ಎಂಎಂಗೆ ಸಮಾನ (ಎಂಎಂ ಹೆಚ್ಚಾದಷ್ಟೂ ಹಕ್ಕಿ ಹತ್ತಿರ ಕಾಣುತ್ತದೆ). ಆದರೆ ತೂಕ 1.4 ಕಿಲೋ ಮುಟ್ಟುತ್ತದೆ.

ಯಾರಿಗೆ ಒಳ್ಳೆಯದು? ಊರಿನ ಕೆರೆಗೆ ವಾರಕ್ಕೆ ಮೂರು ದಿನ ಹೋಗಿ, ಏನೇನಿದೆ ಎಂದು ಪಟ್ಟಿ ಮಾಡುವವರಿಗೆ. ನೀರಿನಾಚೆ ಕೂತ ಬಾತುಗಳು, ವಿದ್ಯುತ್ ತಂತಿಯ ಮೇಲಿನ ನೀಲಕಂಠ, ಅಲುಗಾಡದೆ ಕೂತ ಹಾಲಕ್ಕಿ, ಇವೆಲ್ಲ ಚೆನ್ನಾಗಿ ಬರುತ್ತವೆ, ಬೆಳಕಿದ್ದರೆ.

ಯಾರಿಗೆ ಸಾಲದು? ಹಾರುವ ಹಕ್ಕಿ ಬೇಕೆನ್ನುವವರಿಗೆ, ದಟ್ಟ ಕಾಡಿನಲ್ಲಿ ಓಡಾಡುವವರಿಗೆ. ಇದರ ಸೆನ್ಸರ್, ಅಂದರೆ ಬಿಂಬ ಮೂಡುವ ಚಿಪ್, ಕಿರುಬೆರಳಿನ ಉಗುರಿಗಿಂತ ಸಣ್ಣದು, ಫೋಕಸ್ ನಿಧಾನ. ಪೂರ್ತಿ ಜೂಮ್ ಮಾಡಿದಾಗ ಕಾಣುವ ಹರವು ಸುಮಾರು ಒಂದು ಡಿಗ್ರಿ ಮಾತ್ರ. ಹಕ್ಕಿ ಒಂದು ಕೊಂಬೆ ದಾಟಿದರೆ ಸಾಕು, ಕೈತಪ್ಪಿ ಹೋಗುತ್ತದೆ. ಅದಕ್ಕೇ ಲೆನ್ಸ್ ಪಕ್ಕದಲ್ಲಿ ಸ್ನ್ಯಾಪ್-ಬ್ಯಾಕ್ ಎಂಬ ಗುಂಡಿ ಕೊಟ್ಟಿದ್ದಾರೆ. ಒತ್ತಿ ಹಿಡಿದರೆ ಜೂಮ್ ಹಿಂದೆ ಸರಿಯುತ್ತದೆ, ಹಕ್ಕಿ ಸಿಕ್ಕ ಮೇಲೆ ಬಿಟ್ಟರೆ ಮತ್ತೆ ಮುಂದಕ್ಕೆ ಹೋಗುತ್ತದೆ. ಕೊಂಡ ದಿನವೇ ಇದನ್ನು ಅಭ್ಯಾಸ ಮಾಡಿ.

ನಮ್ಮ ತಂದೆಯವರಿಗೆ ಈಗ 67. ದಿನಾ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗ್ತಾರೆ. ಅವರಿಗೆ ಯಾವುದು ಕೊಡಿಸಲಿ?

ಒಂದೂಕಾಲು ಕಿಲೋ ದಾಟದಂತೆ ನೋಡಿಕೊಳ್ಳಿ. ಅದಕ್ಕಿಂತ ಭಾರದ್ದು ಮೊದಲ ತಿಂಗಳು ಹೆಗಲ ಮೇಲಿರುತ್ತದೆ, ಆಮೇಲೆ ಬೀರು ಸೇರುತ್ತದೆ. ಕ್ಯಾನನ್ ಎಸ್‌ಎಕ್ಸ್70 ಸುಮಾರು 610 ಗ್ರಾಂ. ಸೋನಿ ಆರ್‌ಎಕ್ಸ್10 ಮಾರ್ಕ್ 4 ಸುಮಾರು 1.1 ಕಿಲೋ; ಅದರ ಸೆನ್ಸರ್ ದೊಡ್ಡದು, ಫೋಕಸ್ ಚುರುಕು, 600 ಎಂಎಂಗೆ ಸಮಾನವಾದ ಲೆನ್ಸ್ ಅದರಲ್ಲೇ ಇದೆ. ಲೆನ್ಸ್ ಬದಲಿಸುವ ಕ್ಯಾಮೆರಾನೇ ಬೇಕೆಂದರೆ ಕ್ಯಾನನ್ ಆರ್10 ಮತ್ತು ಆರ್‌ಎಫ್ 100-400 ಎಂಎಂ ಲೆನ್ಸ್ ಸೇರಿ ಒಂದು ಕಿಲೋ ಆಸುಪಾಸು. ಕೆರೆ ಸುತ್ತ ನಡೆಯುವವರಿಗೆ ನನ್ನ ಮೊದಲ ಆಯ್ಕೆ ಈ ಜೋಡಿ.

ಎರಡು ಮಾತು ಮರೆಯಬೇಡಿ. ಡಬ್ಬಿಯಲ್ಲಿ ಬರುವ ಕುತ್ತಿಗೆ ಪಟ್ಟಿಯ ಬದಲು ಹೆಗಲಿಗೆ ಅಡ್ಡಲಾಗಿ ಹಾಕುವ ಅಗಲ ಪಟ್ಟಿ ಕೊಡಿಸಿ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಪಕ್ಕದಲ್ಲಿ ಕಣ್ಣಿನ ನಂಬರಿಗೆ ಹೊಂದಿಸುವ ಪುಟ್ಟ ಚಕ್ರ ಇರುತ್ತದೆ, ಅದನ್ನು ಅವರನ್ನೇ ಕೂರಿಸಿಕೊಂಡು ಸರಿಮಾಡಿ. ಎಷ್ಟೋ ಹಿರಿಯರು ‘ಇದರಲ್ಲಿ ಎಲ್ಲಾ ಮಂಜು’ ಎಂದು ಕ್ಯಾಮೆರಾ ಕೆಳಗಿಡುವುದು ಆ ಚಕ್ರ ತಿರುಗಿಸದ ಕಾರಣಕ್ಕೆ.

## ಕೊಳ್ಳುವ ಹೊತ್ತಿಗೆ

ಡಿಎಸ್‌ಎಲ್‌ಆರ್ ಕಾಲ ಮುಗೀತಾ? ಮಿರರ್‌ಲೆಸ್ಸೇ ತಗೋಬೇಕಾ?

ಎರಡರಲ್ಲೂ ಲೆನ್ಸ್ ಬದಲಿಸಬಹುದು; ಡಿಎಸ್‌ಎಲ್‌ಆರ್ ಒಳಗೆ ಕನ್ನಡಿ ಇರುತ್ತದೆ, ಮಿರರ್‌ಲೆಸ್‌ನಲ್ಲಿ ಇರುವುದಿಲ್ಲ. ಹೊಸದನ್ನೇ ಕೊಳ್ಳುವವರಾದರೆ ಮಿರರ್‌ಲೆಸ್. ಕಂಪನಿಗಳ ಹೊಸ ಲೆನ್ಸು, ಹೊಸ ಕೆಲಸ ಎಲ್ಲ ಅತ್ತ ಹೊರಳಿದೆ. ಹಕ್ಕಿಯ ಕಣ್ಣನ್ನೇ ಹುಡುಕಿ ಫೋಕಸ್ ಮಾಡುವ ಸೌಲಭ್ಯವೂ ಅಲ್ಲೇ ಇರುವುದು.

ದುಡ್ಡು ಕಡಿಮೆ ಇದ್ದು ತೋಳಲ್ಲಿ ಬಲ ಇದ್ದರೆ, ಬಳಸಿದ ನಿಕಾನ್ ಡಿ500 ಜೊತೆ 200-500 ಎಫ್ 5.6 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು) ಇವತ್ತಿಗೂ ಗಟ್ಟಿ ಜೋಡಿ. ಹಾರುವ ಹಕ್ಕಿಯನ್ನು ಅದು ಬಿಡುವುದಿಲ್ಲ. ಲೆನ್ಸ್ ಒಂದೇ 2.3 ಕಿಲೋ ತೂಗುತ್ತದೆ ಎಂಬುದು ನೆನಪಿರಲಿ. ಮುಂದೆ ಮಿರರ್‌ಲೆಸ್‌ಗೆ ಹೋದರೂ ಈ ಲೆನ್ಸನ್ನು ಅಡಾಪ್ಟರ್ ಹಾಕಿ ನಿಕಾನ್ ಜ಼ಡ್ ಕ್ಯಾಮೆರಾಗಳಲ್ಲಿ ಬಳಸಬಹುದು. ಕ್ಯಾನನ್‌ನ ಹಳೆಯ ಇಎಫ್ ಲೆನ್ಸುಗಳಿಗೂ ಅದೇ ಅನುಕೂಲ ಇದೆ.

ದುಡ್ಡು ಬಾಡಿ ಮೇಲೆ ಹಾಕಲಾ, ಲೆನ್ಸ್ ಮೇಲೆ ಹಾಕಲಾ?

ಲೆನ್ಸ್ ಮೇಲೆ. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ, ಒಳ್ಳೆಯ ಲೆನ್ಸ್ ಎರಡು ಮೂರು ಬಾಡಿಗಳನ್ನು ಕಾಣುತ್ತದೆ. ಅಂಗಡಿಯವರು ಬಾಡಿಯೊಂದಿಗೆ 18-55 ಕಿಟ್ ಲೆನ್ಸ್ ಸೇರಿಸಿ ಕೊಡುತ್ತೇನೆ ಎನ್ನುತ್ತಾರೆ; ಹಕ್ಕಿಗೆ ಅದರಿಂದ ಉಪಯೋಗವಿಲ್ಲ, ಬಾಡಿ ಮಾತ್ರ ಕೇಳಿ.

ಇವತ್ತಿನ ಮಟ್ಟಿಗೆ ನಾನು ಧೈರ್ಯವಾಗಿ ಹೇಳುವ ಜೋಡಿಗಳು: ಹಗುರಕ್ಕೆ ಕ್ಯಾನನ್ ಆರ್10 ಅಥವಾ ಆರ್7 ಜೊತೆ ಆರ್‌ಎಫ್ 100-400. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಕಾನ್ ಜ಼ಡ್50 ಮಾರ್ಕ್ 2 ಜೊತೆ 180-600, ಅಥವಾ ಸೋನಿ ಎ6700 ಜೊತೆ 200-600. ಈ ಎರಡು ಲೆನ್ಸುಗಳೂ ಎರಡು ಕಿಲೋ ಆಸುಪಾಸು. ಮಲೆನಾಡಿನ ಮಳೆಯಲ್ಲಿ, ಬೆಟ್ಟ ಹತ್ತಿ ಇಳಿದು ತೆಗೆಯುವವರಿಗೆ ಓಎಂ ಸಿಸ್ಟಮ್‌ನ ಓಎಂ-1 ಜೊತೆ 100-400. ಸಣ್ಣ ಸೆನ್ಸರ್ ಕಾರಣ ಇದು 800 ಎಂಎಂನಷ್ಟು ಹತ್ತಿರ ತೋರಿಸುತ್ತದೆ.

ಸರ್ರ, ನಾವು ಗದಗ ಕಡೆಯವ್ರು. ಮಾಗಡಿ ಕೆರ್ಯಾಗ ಪಟ್ಟೆತಲಿ ಹೆಬ್ಬಾತು ಭಾಳ ದೂರ ಕುಂತಿರ್ತಾವು. ಎಷ್ಟು ಎಂಎಂ ಬೇಕ್ರಿ?

600 ಎಂಎಂ ಲೆನ್ಸ್ ಇದ್ದರೆ ಒಳ್ಳೆಯದು. ಲೆಕ್ಕ ಸರಳ: ಹಕ್ಕಿಯ ಉದ್ದವನ್ನು ಲೆನ್ಸಿನ ಎಂಎಂನಿಂದ ಗುಣಿಸಿ, ದೂರದಿಂದ ಭಾಗಿಸಿ. ಹೆಬ್ಬಾತು ಸುಮಾರು 75 ಸೆಂಟಿಮೀಟರ್ ಉದ್ದ. ನೂರು ಮೀಟರ್ ದೂರದಲ್ಲಿದ್ದರೆ 600 ಎಂಎಂ ಲೆನ್ಸ್ ಅದನ್ನು ಸೆನ್ಸರ್ ಮೇಲೆ 4.5 ಮಿಲಿಮೀಟರ್ ಉದ್ದಕ್ಕೆ ಮೂಡಿಸುತ್ತದೆ. ಎ6700ರಂಥ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ ಅಗಲ 23 ಮಿಲಿಮೀಟರ್ ಚಿಲ್ಲರೆ, ಅಂದರೆ ಚಿತ್ರದ ಐದನೇ ಒಂದು ಭಾಗ ಹಕ್ಕಿ. ನಾಲ್ಕಾರು ಹಕ್ಕಿಗಳ ಗುಂಪನ್ನು ಅಂದವಾಗಿ ಕೂರಿಸಲು ಇಷ್ಟು ಬೇಕಾದಷ್ಟಾಯಿತು.

ಆದರೆ ದೂರವನ್ನು ಬರೀ ದುಡ್ಡಿನಿಂದ ಕಡಿಮೆ ಮಾಡಬೇಕಿಲ್ಲ. ಚಳಿಗಾಲದಲ್ಲಿ ಈ ಹೆಬ್ಬಾತುಗಳು ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿಬರುತ್ತವೆ. ಹೋಗುವ, ಬರುವ ದಾರಿ ಒಂದೆರಡು ದಿನ ನೋಡಿ ತಿಳಿದುಕೊಂಡು, ಆ ದಾರಿಯ ಕೆಳಗೆ ಸುಮ್ಮನೆ ಕೂತರೆ 400 ಎಂಎಂನಲ್ಲೂ ತಲೆಯ ಮೇಲೆ ಹಾದುಹೋಗುವ ಸಾಲು ಸಿಗುತ್ತದೆ. ದಂಡೆಯಲ್ಲಿ ಅವುಗಳತ್ತ ನಡೆದು ಹೋಗಬೇಡಿ. ಗುಂಪು ಎದ್ದರೆ ನಿಮಗೊಂದು ಫೋಟೋ, ಹಿಮಾಲಯ ದಾಟಿ ಬಂದ ಹಕ್ಕಿಗೆ ಕಳೆದುಹೋದ ವಿಶ್ರಾಂತಿ.

ಫುಲ್ ಫ್ರೇಮ್ ತಗೊಂಡ್ರೆ ಫೋಟೋ ಇನ್ನೂ ಚೆನ್ನಾಗಿ ಬರುತ್ತಲ್ವಾ?

ಫುಲ್ ಫ್ರೇಮ್ ಎಂದರೆ ಎಪಿಎಸ್-ಸಿಗಿಂತ ದೊಡ್ಡ ಸೆನ್ಸರ್. ಹಕ್ಕಿ ಚಿತ್ರ ತುಂಬುವಷ್ಟು ಹತ್ತಿರ ಇದ್ದರೆ ಹೌದು. ನಮ್ಮ ಹಕ್ಕಿಗಳು ಹಾಗೆ ಸಿಗುವುದು ಅಪರೂಪ.

ಒಂದು ಸಣ್ಣ ಮಿಂಚುಳ್ಳಿ ತಗೊಳ್ಳಿ, 16 ಸೆಂಟಿಮೀಟರ್. 16 ಮೀಟರ್ ದೂರದಲ್ಲಿ ಕೂತಿದೆ, ನಿಮ್ಮದು 400 ಎಂಎಂ. ಯಾವ ಕ್ಯಾಮೆರಾ ಆದರೂ ಸೆನ್ಸರ್ ಮೇಲೆ ಅದರ ಬಿಂಬ ನಾಲ್ಕು ಮಿಲಿಮೀಟರ್. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಕ್ಯಾಮೆರಾದಲ್ಲಿ ಆ ನಾಲ್ಕು ಮಿಲಿಮೀಟರ್ ಉದ್ದಕ್ಕೆ ಸುಮಾರು ಸಾವಿರ ಪಿಕ್ಸೆಲ್ ಇರುತ್ತವೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್‌ನಲ್ಲಿ ಸುಮಾರು 670 ಮಾತ್ರ, ಯಾಕೆಂದರೆ ಅಷ್ಟೇ ಪಿಕ್ಸೆಲ್‌ಗಳು ದೊಡ್ಡ ಜಾಗಕ್ಕೆ ಹರಡಿಹೋಗಿವೆ. ಎಪಿಎಸ್-ಸಿಯಷ್ಟು ವಿವರ ಫುಲ್ ಫ್ರೇಮ್‌ನಲ್ಲಿ ಬೇಕಾದರೆ ಸುಮಾರು 54 ಮೆಗಾಪಿಕ್ಸೆಲ್‌ನ ಬಾಡಿ, ಅದಕ್ಕೆ ತಕ್ಕ ಬೆಲೆ. ದೂರದ ಸಣ್ಣ ಹಕ್ಕಿಗೆ ಕ್ರಾಪ್ ಸೆನ್ಸರ್ (ಎಪಿಎಸ್-ಸಿಯಂಥ ಸಣ್ಣ ಸೆನ್ಸರ್) ಕೊಳ್ಳುವುದು ರಾಜಿಯಲ್ಲ, ಸರಿಯಾದ ಆಯ್ಕೆ.

ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳೋವಾಗ ಏನೇನು ನೋಡಬೇಕು?

ಮುಖ್ಯವಾಗಿ ಫಂಗಸ್. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬಿಟ್ಟುಬಿಡಿ. ನಾಲ್ಕು ಧೂಳಿನ ಕಣಗಳಿಗೆ ಹೆದರಬೇಕಾಗಿಲ್ಲ. ನಿಮ್ಮದೇ ಬಾಡಿಗೆ ಹಾಕಿ ಹತ್ತಿರದ್ದು, ದೂರದ್ದು ಎರಡಕ್ಕೂ ಫೋಕಸ್ ಮಾಡಿ. ಜೂಮ್ ಉಂಗುರ ಎಲ್ಲೂ ಕಚ್ಚಬಾರದು. ದೂರದ ಬೋರ್ಡಿನ ಅಕ್ಷರ ತೆಗೆದು ನಾಲ್ಕೂ ಮೂಲೆ ಹಿಗ್ಗಿಸಿ ನೋಡಿ. ಬಾಡಿಯಾದರೆ ಶಟರ್ ಎಷ್ಟು ಬಾರಿ ಬಡಿದಿದೆ ಎಂದು ಕೇಳಿ. ಮೂಲ ಬಿಲ್ ಇಲ್ಲದ್ದನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ.

ಕೊಳ್ಳುವ ಮುನ್ನ ಅದೇ ಮಾದರಿಯನ್ನು ಎರಡು ದಿನ ಬಾಡಿಗೆಗೆ ತರುವುದು ಇನ್ನೂ ಒಳ್ಳೆಯದು. ಬೆಂಗಳೂರಿನಲ್ಲಿ ಗುರುತಿನ ಚೀಟಿ, ಠೇವಣಿ ಪಡೆದು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಎರಡು ಕಿಲೋ ಭಾರ ಅಂದರೆ ಏನೆಂದು ಎರಡನೇ ದಿನ ಸಂಜೆ ಭುಜ ಹೇಳುತ್ತದೆ.

ಅಮೆರಿಕದಲ್ಲಿರೋ ನಮ್ಮ ತಮ್ಮ ಬರ್ತಿದ್ದಾನೆ. ಅಲ್ಲಿಂದ ತರಿಸಲಾ?

ತರಿಸಬಹುದು. ಕೆಲವು ಕಂಪನಿಗಳ ವಾರಂಟಿ ಕೊಂಡ ದೇಶಕ್ಕಷ್ಟೇ ಇರುತ್ತದೆ. ಆ ಮಾದರಿಗೆ ಇಲ್ಲಿನ ಸರ್ವಿಸ್ ಸೆಂಟರ್ ಏನು ಹೇಳುತ್ತದೆ ಎಂದು ಮೊದಲು ವಿಚಾರಿಸಿ. ಕಸ್ಟಮ್ಸ್ ಸುಂಕದ ಮಿತಿ ದಾಟುತ್ತದೆಯೇ ನೋಡಿಕೊಂಡು, ಬಿಲ್ ಜೊತೆಗಿಟ್ಟುಕೊಂಡೇ ಬರಲು ತಮ್ಮನಿಗೆ ಹೇಳಿ. ಇವೆರಡೂ ಸೇರಿಸಿ ಲೆಕ್ಕ ಹಾಕಿದಾಗ ಉಳಿತಾಯ ದೊಡ್ಡದಾಗಿ ಕಾಣದಿದ್ದರೆ ಇಲ್ಲೇ ಕೊಳ್ಳಿ.

## ಕೆರೆ, ಹೊಲ, ಕಾಡಿಗಿಳಿದ ಮೇಲೆ

ಟ್ರೈಪಾಡ್ ಬೇಕಾ? ರಂಗನತಿಟ್ಟಿಗೆ ಒಯ್ಯಬಹುದಾ?

ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್‌ನಿಂದ ಉಪಯೋಗವಿಲ್ಲ. ದೋಣಿಯೇ ಅಲುಗುತ್ತಿರುವಾಗ ಅದರ ಮೇಲೆ ನಿಂತ ಮೂರು ಕಾಲೂ ಅಲುಗುತ್ತವೆ, ಪಕ್ಕದವರಿಗೂ ತೊಂದರೆ. ಅಲ್ಲಿ ಹಕ್ಕಿಗಳು ಹತ್ತಿರವೇ ಇರುತ್ತವೆ; ಕೈಯಲ್ಲಿ ಹಿಡಿದ 100-400 ಲೆನ್ಸೇ ಸರಿ. ದೊಡ್ಡ ಲೆನ್ಸ್ ಒಯ್ದವರು ಬಣ್ಣದ ಕೊಕ್ಕರೆಯ ರೆಕ್ಕೆ ಚಿತ್ರದಲ್ಲಿ ಹಿಡಿಸದೆ ಒದ್ದಾಡುತ್ತಾರೆ. ಕೆಲವು ಅರಣ್ಯ ಪ್ರದೇಶಗಳಲ್ಲಿ ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುತ್ತಾರೆ, ಅದನ್ನೂ ವಿಚಾರಿಸಿಕೊಂಡು ಹೋಗಿ.

ಸಫಾರಿ ಜೀಪಿನಲ್ಲಿ, ಕಾರಿನ ಕಿಟಕಿಯಲ್ಲಿ ಬೀನ್ ಬ್ಯಾಗ್ ಇಡಿ. ಖಾಲಿ ಚೀಲ ಒಯ್ದು ಅಲ್ಲೇ ಊರಿನಲ್ಲಿ ಎರಡು ಸೇರು ಹುರುಳಿಯನ್ನೋ ಕಡಲೆಯನ್ನೋ ಕೊಂಡು ತುಂಬಿದರೆ ದಾರಿಯ ಭಾರ ಉಳಿಯುತ್ತದೆ. ನಡೆದು ತೆಗೆಯುವವರಿಗೆ ಒಂಟಿ ಕಾಲಿನ ಮಾನೋಪಾಡ್. ಟ್ರೈಪಾಡ್ ಬೇಕಾಗುವುದು ಒಂದೇ ಕಡೆ ಗಂಟೆಗಟ್ಟಲೆ ಕೂರುವಾಗ, ಉದಾಹರಣೆಗೆ ದಾಂಡೇಲಿ ಬಳಿಯ ಗಣೇಶಗುಡಿಯಲ್ಲಿ ಹಕ್ಕಿಗಳು ಸ್ನಾನಕ್ಕೆ ಬರುವ ನೀರಿನ ತೊಟ್ಟಿಯ ಮುಂದೆ.

ಕೂತ ಹಕ್ಕಿ ಚೆನ್ನಾಗಿ ಬರುತ್ತೆ, ಹಾರಿದ್ರೆ ಮಸುಕು. ಕ್ಯಾಮೆರಾ ಸರಿಯಿಲ್ವಾ?

ಕ್ಯಾಮೆರಾವನ್ನು ದೂರುವ ಮೊದಲು ಶಟರ್ ವೇಗ ನೋಡಿ. ಕೂತ ಹಕ್ಕಿಗೆ 1/500 ಸೆಕೆಂಡ್ ಸಾಕಾಗುತ್ತದೆ. ನಿಧಾನಕ್ಕೆ ರೆಕ್ಕೆ ಬಡಿಯುವ ಕೊಕ್ಕರೆ, ಹೆಜ್ಜಾರ್ಲೆಗಳಿಗೆ 1/1250, ಕಳ್ಳಿಪೀರ, ರೀವ, ಮಿಂಚುಳ್ಳಿಗಳಿಗೆ 1/2500 ಅಥವಾ ಇನ್ನೂ ಮೇಲೆ. ಮೋಡ್ ಮ್ಯಾನುವಲ್‌ನಲ್ಲಿಟ್ಟು ಶಟರ್ ಮತ್ತು ಎಫ್ ಸಂಖ್ಯೆ ನೀವೇ ನಿಗದಿ ಮಾಡಿ, ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸಬೇಕೆಂಬ ಸಂಖ್ಯೆ) ಮಾತ್ರ ಆಟೋಗೆ ಬಿಡಿ. ಫೋಕಸ್ ಬಿಡದೆ ಹಿಂಬಾಲಿಸುವ ಕಂಟಿನ್ಯುಯಸ್ ವಿಧಾನದಲ್ಲಿರಲಿ.

ಅಭ್ಯಾಸಕ್ಕೆ ಗರುಡ, ಹದ್ದುಗಳೇ ಗುರು. ಊರ ಮೇಲೆ ದಿನವಿಡೀ ಸುತ್ತುತ್ತವೆ, ದೊಡ್ಡವು, ತಿರುವು ಊಹಿಸಬಹುದು. ಅವು ಸಲೀಸಾದ ಮೇಲೆ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ನೆಲಕ್ಕೆ ತಾಗುವಂತೆ ಹಾರುವ ಸೆಳೆವಗಳ ಬೆನ್ನು ಹತ್ತಿ.

ಬೆಳ್ಳಕ್ಕಿ ಸುಣ್ಣ ಬಳಿದ ಹಾಗೆ, ನೀರುಕಾಗೆ ಕಪ್ಪು ಮುದ್ದೆ. ಯಾಕೆ?

ಕ್ಯಾಮೆರಾ ಇಡೀ ಚಿತ್ರದ ಬೆಳಕನ್ನು ಸರಾಸರಿ ಮಾಡಲು ನೋಡುತ್ತದೆ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ಇದ್ದರೆ ಕತ್ತಲು ಹೆಚ್ಚೆಂದು ಬೆಳಕು ಏರಿಸುತ್ತದೆ, ಬಿಳಿ ಗರಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಅಳೆದ ಬೆಳಕನ್ನು ಏರಿಸುವ, ಇಳಿಸುವ ಹೊಂದಿಕೆ) ಅನ್ನು ಮೈನಸ್ ಒಂದರ ಸುತ್ತ ಇಡಿ. ಬಿಳಿ ಆಕಾಶದ ಮುಂದೆ ಕಾಜಾಣ, ನೀರುಕಾಗೆ ಇದ್ದರೆ ಪ್ಲಸ್ ಒಂದು, ಕೆಲವೊಮ್ಮೆ ಒಂದೂವರೆ. ಸುಟ್ಟುಹೋದ ಬಿಳಿ ಮತ್ತೆ ಬಾರದು. ಕತ್ತಲಾದದ್ದನ್ನು ರಾ ಫೈಲಿನಿಂದ ಸ್ವಲ್ಪ ಎತ್ತಬಹುದು. ಅನುಮಾನ ಬಂದರೆ ಬಿಳಿಯನ್ನು ಉಳಿಸಿ.

ಮಧ್ಯಾಹ್ನ ಎಷ್ಟು ಫೋಕಸ್ ಮಾಡಿದ್ರೂ ದೂರದ ಹಕ್ಕಿ ಅಲೆ ಅಲೆಯಾಗಿ ಕಾಣುತ್ತೆ. ಲೆನ್ಸ್ ಹಾಳಾಗಿದೆಯಾ?

ಲೆನ್ಸ್ ಸರಿಯಿದೆ. ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಬಾಗಿಸುತ್ತಿದೆ. ಬಯಲುಸೀಮೆಯ ಕೆರೆಗಳಲ್ಲಿ ಬೆಳಿಗ್ಗೆ ಒಂಬತ್ತೂವರೆ ದಾಟಿದರೆ, ಬೇಸಿಗೆಯಲ್ಲಿ ಇನ್ನೂ ಮೊದಲೇ, ಇದು ಶುರುವಾಗುತ್ತದೆ. ಲೆನ್ಸ್ ಉದ್ದವಾದಷ್ಟೂ ತೊಂದರೆ ಎದ್ದು ಕಾಣುತ್ತದೆ. 3000 ಎಂಎಂ ಜೂಮ್ ಇದ್ದವರು ಇದಕ್ಕೇ ಹೆಚ್ಚು ಬೇಸರಪಡುವುದು. ಯಾವ ದುಬಾರಿ ಗಾಜೂ ಇದಕ್ಕೆ ಔಷಧವಲ್ಲ. ಬೆಳಿಗ್ಗೆ ಬೇಗ ಹೋಗಬೇಕು, ಇಲ್ಲವೇ ಹತ್ತಿರ ಇರುವ ಹಕ್ಕಿಯನ್ನೇ ತೆಗೆಯಬೇಕು. ಕಾರಿನ ಬಿಸಿ ಬಾನೆಟ್ ಮೇಲಿಂದ ತೆಗೆದರೂ ಹೀಗೇ ಆಗುತ್ತದೆ.

ನಾವು ತೀರ್ಥಹಳ್ಳಿಯವರು. ಒಂದೇ ಮಳೆಗಾಲಕ್ಕೆ ಲೆನ್ಸಿಗೆ ಫಂಗಸ್ ಬಂತು. ಏನು ಮಾಡೋದು ಮಾರಾಯ್ರೆ?

ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ ನಿಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿನ ಗಾಳಿಯಲ್ಲಿ ಲೆನ್ಸ್ ಉಳಿಸಿಕೊಳ್ಳುವುದು ಒಂದು ದಿನಚರಿಯೇ ಆಗಬೇಕು. ತೇವಾಂಶ 60 ಪ್ರತಿಶತಕ್ಕಿಂತ ಮೇಲೆ ದಿನಗಟ್ಟಲೆ ನಿಂತರೆ ಫಂಗಸ್‌ಗೆ ಅನುಕೂಲ. ಕತ್ತಲು, ಗಾಳಿಯಾಡದ ಚೀಲ, ಗಾಜಿನ ಮೇಲಿನ ಬೆರಳಚ್ಚು, ಇವು ಅದಕ್ಕೆ ಊಟ ಹಾಕಿ ಸಾಕಿದ ಹಾಗೆ.

ಅನುಕೂಲವಿದ್ದರೆ ವಿದ್ಯುತ್ ಡ್ರೈ ಕ್ಯಾಬಿನೆಟ್ ಕೊಳ್ಳಿ, ಮುಳ್ಳನ್ನು 40ರಿಂದ 50 ಪ್ರತಿಶತದ ನಡುವೆ ನಿಲ್ಲಿಸಿ. ಲೆನ್ಸಿಗೆ ಅಷ್ಟೊಂದು ಸುರಿದವರು ಇದಕ್ಕೆ ಹಿಂದೆಮುಂದೆ ನೋಡಬಾರದು. ಕರೆಂಟು ಕೈಕೊಡುವ ಊರಾದರೆ ರಬ್ಬರ್ ಅಂಚಿನ ಗಾಳಿಬಿಗಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಮಾಪಕ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ, ಆರಿಸಿ ಮತ್ತೆ ಹಾಕಿ. ಆ ಬಾಣಲೆ ಅಡುಗೆಗೆ ಬೇಡ. ಅಕ್ಕಿ ಡಬ್ಬಿಯಲ್ಲಿ ಲೆನ್ಸ್ ಹೂತಿಡುವುದರಿಂದ ಧೂಳು ತುಂಬುವುದೇ ಬಂತು. ಚರ್ಮದ ಕೇಸು, ಕ್ಯಾಮೆರಾ ಬ್ಯಾಗು ಇವು ಒಯ್ಯಲು ಮಾತ್ರ, ಇಡಲು ಅಲ್ಲ.

ಮಳೆ ಬಿಟ್ಟ ದಿನ ಲೆನ್ಸ್ ಹೊರತೆಗೆದು ಬಳಸಿ. ಬಳಕೆಯಲ್ಲಿರುವ ಲೆನ್ಸಿಗೆ ಫಂಗಸ್ ಬರುವುದು ಕಡಿಮೆ. ಕರಾವಳಿಯಲ್ಲಿ ಎಸಿ ಕಾರಿನಿಂದ ಇಳಿದ ಕೂಡಲೇ ಬ್ಯಾಗಿನಿಂದ ಕ್ಯಾಮೆರಾ ತೆಗೆಯಬೇಡಿ, ತಣ್ಣಗಿನ ಗಾಜಿನ ಮೇಲೆ ಹಬೆ ಕೂರುತ್ತದೆ. ಇಪ್ಪತ್ತು ನಿಮಿಷ ಬ್ಯಾಗಿನಲ್ಲೇ ಇರಲಿ. ಈಗಾಗಲೇ ಒಳಗಾಜಿಗೆ ಬಂದಿರುವುದನ್ನು ನೀವೇ ಬಿಚ್ಚಲು ಹೋಗದೆ ಬೇಗ ಸರ್ವಿಸ್‌ಗೆ ಕೊಡಿ. ತಡವಾದರೆ ಗಾಜಿನ ಲೇಪನವನ್ನೇ ತಿನ್ನುತ್ತದೆ.

## ಇನ್ನಷ್ಟು ಆಳಕ್ಕೆ

600 ಎಂಎಂ ಎಫ್ 4 ಲೆನ್ಸ್ ಕಾರಿನ ಬೆಲೆ ಯಾಕೆ? ಪಿ950ಯಲ್ಲಿ 2000 ಎಂಎಂ ಅಷ್ಟು ಅಗ್ಗಕ್ಕೆ ಸಿಗುತ್ತಲ್ಲ?

ಎಂಎಂ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿ ನೋಡಿ, ಗುಟ್ಟು ಅಲ್ಲಿದೆ. ಬರುವ ಉತ್ತರ ಲೆನ್ಸ್ ಬೆಳಕು ಕುಡಿಯುವ ಬಾಯಿಯ ಅಗಲ. ಪಿ950ಯ ನಿಜವಾದ ಲೆನ್ಸ್ ಉದ್ದ 357 ಎಂಎಂ, ಎಫ್ 6.5, ಬಾಯಿ 55 ಮಿಲಿಮೀಟರ್. ‘2000’ ಎನ್ನುವುದು ಪುಟ್ಟ ಸೆನ್ಸರ್ ಕಾರಣ ಸಿಗುವ ಸಮಾನ ಲೆಕ್ಕ. ಆರ್‌ಎಫ್ 100-400 ಪೂರ್ತಿ ಚಾಚಿದಾಗ ಎಫ್ 8, ಬಾಯಿ 50. 180-600 ಅಥವಾ 200-600ರದು ಎಫ್ 6.3, ಬಾಯಿ 95. 600 ಎಫ್ 4ರದು 150.

ಒಂದೇ ದೂರದ ಹಕ್ಕಿಯಿಂದ ಬರುವ ಬೆಳಕು ಆ ಬಾಯಿಯ ವಿಸ್ತೀರ್ಣಕ್ಕೆ ತಕ್ಕಂತೆ ಒಳಗೆ ಬರುತ್ತದೆ. 55ರಿಂದ 95ಕ್ಕೆ ಹೋದರೆ ಮೂರು ಪಟ್ಟು, 150ಕ್ಕೆ ಹೋದರೆ ಏಳು ಪಟ್ಟಿಗೂ ಹೆಚ್ಚು. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ಉಜ್ಜಿ ತಯಾರಿಸುವುದಕ್ಕೆ ಆ ಬೆಲೆ, ಆ ತೂಕ. ಬಿಸಿಲಿನಲ್ಲಿ ಕೂತ ನೀಲಕಂಠಕ್ಕೆ 55 ಮಿಲಿಮೀಟರಿನ ಬಾಯಿ ಸಾಕು. ಬೆಳಗಿನ ಏಳು ಗಂಟೆಗೆ ಕಾಡಿನೊಳಗೆ ಕೂತ ಮಲಬಾರ್ ಟ್ರೋಗನ್‌ಗೆ ಸಾಲದು. ನಿಮ್ಮ ಹಕ್ಕಿಗಳು ಯಾವ ಬೆಳಕಿನಲ್ಲಿ ಸಿಗುತ್ತವೆ ಎಂಬುದರ ಮೇಲೆ ಈ ಖರ್ಚು ನಿರ್ಧಾರವಾಗಲಿ.

ದಾಂಡೇಲಿಯಲ್ಲಿ ತೆಗೆದ ಫೋಟೋ ಪೂರ್ತಿ ಕಾಳು ಕಾಳು. ಐಎಸ್‌ಒ ಎಷ್ಟರ ಒಳಗಿರಬೇಕು?

ಒಳಗಿರಲೇಬೇಕೆಂಬ ಗೆರೆ ಎಳೆದುಕೊಳ್ಳಬೇಡಿ. ಕಾಡಿನ ನೆರಳಿನಲ್ಲಿ ಎಫ್ 6.3 ಲೆನ್ಸಿಗೆ 3200, 6400 ಸಹಜ. ಐಎಸ್‌ಒ ಇಳಿಸಲೆಂದು ಶಟರ್ ನಿಧಾನ ಮಾಡಿದರೆ ಚಿತ್ರ ಅಲುಗುತ್ತದೆ. ಕಾಳನ್ನು ಸಾಫ್ಟ್‌ವೇರ್ ತೆಗೆಯಬಲ್ಲದು, ಅಲುಗಿದ್ದನ್ನು ಯಾವುದೂ ಸರಿಮಾಡದು. ರಾ ಫೈಲ್‌ನಲ್ಲಿ ತೆಗೆದು ಲೈಟ್‌ರೂಮ್‌ನ ಡಿನಾಯ್ಸ್ ಅಥವಾ ಡಿಎಕ್ಸ್‌ಒ ಪ್ಯೂರ್‌ರಾದಲ್ಲಿ ಹಾಯಿಸಿ. ಹಕ್ಕಿ ಅಲುಗಾಡದೆ ಕೂತಿದ್ದರೆ, ಮೊದಲು 1/500ರಲ್ಲಿ ಒಂದೆರಡು ತೆಗೆದು, ಆಮೇಲೆ 1/160, 1/100ಕ್ಕೆ ಇಳಿಸಿ ಸಾಲಾಗಿ ಹತ್ತು ತೆಗೆಯಿರಿ. ಅದರಲ್ಲಿ ಒಂದೆರಡು ಸ್ಪಷ್ಟ ಬರುತ್ತವೆ.

ಟೆಲಿಕನ್ವರ್ಟರ್ ಹಾಕಿದ್ರೆ ಲಾಭ ಇದೆಯಾ?

ಲೆನ್ಸ್ ಮತ್ತು ಬಾಡಿಯ ನಡುವೆ ಕೂತು ಎಂಎಂ ಹೆಚ್ಚಿಸುವ ತುಂಡು ಟೆಲಿಕನ್ವರ್ಟರ್. ಎಫ್ 4 ಲೆನ್ಸಿಗೆ 1.4 ಪಟ್ಟಿನದು ಹಾಕಿ. ಎಫ್ 6.3 ಜೂಮ್‌ಗೆ ಹಾಕಿದರೆ ಅದು ಎಫ್ 9 ಆಗುತ್ತದೆ. ಹೊಲದ ಬಿಸಿಲಿನಲ್ಲಷ್ಟೇ ನಡೆಯುತ್ತದೆ. 2 ಪಟ್ಟಿನದು ಎರಡು ಸ್ಟಾಪ್ ಬೆಳಕು, ಅಂದರೆ ನಾಲ್ಕರಲ್ಲಿ ಮೂರು ಪಾಲು, ನುಂಗುತ್ತದೆ, ಜೂಮ್ ಲೆನ್ಸುಗಳಿಗೆ ಬೇಡ.

ಹಕ್ಕಿ ಕಣ್ಣು ಹಿಡಿಯೋ ಫೋಕಸ್ ಇದ್ದೂ ಕೊಂಬೆ ಮೇಲೇ ಫೋಕಸ್ ಆಗುತ್ತೆ. ಪ್ರೀ-ಕ್ಯಾಪ್ಚರ್ ಅಂತಾರಲ್ಲ, ಅದೇನು?

ಬಯಲಿನಲ್ಲಿ, ನೀರಿನ ಮೇಲೆ ಕಣ್ಣು ಹಿಡಿಯುವ ಫೋಕಸ್ ಅದ್ಭುತವಾಗಿ ಕೆಲಸ ಮಾಡುತ್ತದೆ. ಪೊದೆಯೊಳಗಿನ ಹಕ್ಕಿಗೆ ಅದು ಎದುರಿನ ಕಡ್ಡಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥಲ್ಲಿ ಒಂದೇ ಸಣ್ಣ ಫೋಕಸ್ ಚುಕ್ಕಿಗೆ ಬದಲಾಯಿಸುವಂತೆ ಒಂದು ಗುಂಡಿಯನ್ನು ಮೊದಲೇ ಹೊಂದಿಸಿಟ್ಟುಕೊಳ್ಳಿ. ಚುಕ್ಕಿಯಿಂದ ಹಕ್ಕಿಯನ್ನು ಹಿಡಿದು, ಆಮೇಲೆ ಕಣ್ಣು ಹುಡುಕಲು ಬಿಡಿ.

ಪ್ರೀ-ಕ್ಯಾಪ್ಚರ್ ಎಂದರೆ ನೀವು ಗುಂಡಿ ಅರ್ಧ ಒತ್ತಿದಾಗಿನಿಂದ ಕ್ಯಾಮೆರಾ ಚಿತ್ರಗಳನ್ನು ನೆನಪಿನಲ್ಲಿ ಹಿಡಿಯುತ್ತಾ, ಪೂರ್ತಿ ಒತ್ತಿದಾಗ ಅದಕ್ಕೂ ಹಿಂದಿನ ಕ್ಷಣಗಳನ್ನು ಉಳಿಸುವುದು. ಮಿಂಚುಳ್ಳಿ ಕೊಂಬೆ ಬಿಡುವ ಗಳಿಗೆ ನಮ್ಮ ಬೆರಳಿಗೆ ಸಿಗುವುದಿಲ್ಲ, ಇದರಲ್ಲಿ ಸಿಗುತ್ತದೆ. ಓಎಂ-1, ಆರ್7, ಜ಼ಡ್50 ಮಾರ್ಕ್ 2ರಲ್ಲಿ ಬೇರೆ ಬೇರೆ ಹೆಸರಿನಲ್ಲಿ ಇದೆ. ಇದು ಎಲೆಕ್ಟ್ರಾನಿಕ್ ಶಟರ್ ಬಳಸುತ್ತದೆ. ಆರ್7ನಂಥ ಕ್ಯಾಮೆರಾಗಳಲ್ಲಿ ಸೆನ್ಸರ್ ಓದುವ ವೇಗ ಕಡಿಮೆ ಇರುವುದರಿಂದ ವೇಗವಾಗಿ ಬಡಿಯುವ ರೆಕ್ಕೆ ಸೊಟ್ಟಗೆ ಮೂಡಬಹುದು. ಓಎಂ-1, ನಿಕಾನ್ ಜ಼ಡ್8ರಂಥ ಬೇಗ ಓದುವ ಸ್ಟ್ಯಾಕ್ಡ್ ಸೆನ್ಸರ್ ಕ್ಯಾಮೆರಾಗಳಲ್ಲಿ ಆ ತೊಂದರೆ ತೀರಾ ಕಡಿಮೆ.

ಹಿತ್ತಲಲ್ಲಿ ಪಿಕಳಾರ ಗೂಡು ಕಟ್ಟಿದೆ. ಅಡ್ಡ ಬರೋ ರೆಂಬೆ ಸರಿಸಿ ತೆಗೀಬಹುದಾ?

ದಯವಿಟ್ಟು ಬೇಡ. ಆ ರೆಂಬೆಯೇ ಗೂಡಿನ ಸೂರು. ಅದನ್ನು ಸರಿಸಿದರೆ ಬಿಸಿಲು ಮರಿಗಳ ಮೇಲೆ ಬೀಳುತ್ತದೆ, ಕಾಗೆಗೂ ಕೆಂಬೂತಕ್ಕೂ ದಾರಿ ಕಾಣುತ್ತದೆ. ನೀವು ನಿಂತಷ್ಟು ಹೊತ್ತು ತಾಯಿ ಹಕ್ಕಿ ತುತ್ತು ಹಿಡಿದು ದೂರದಲ್ಲೇ ಕಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಮನೆಯೊಳಗಿನ ಕಿಟಕಿಯಿಂದ ಬೈನಾಕ್ಯುಲರ್‌ನಲ್ಲಿ ನೋಡಿ, ಯಾವ ದಿನ ಏನಾಯಿತೆಂದು ಬರೆದಿಡಿ.

ಹಕ್ಕಿಯ ಕೂಗನ್ನು ಸ್ಪೀಕರ್‌ನಲ್ಲಿ ಹಾಕಿ ಕರೆಸುವುದೂ ಇದೇ ಜಾತಿಯ ಕೆಲಸ. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿದೆ ಎಂದು ಹಕ್ಕಿ ಹೊಟ್ಟೆಪಾಡು ಬಿಟ್ಟು ಜಗಳಕ್ಕೆ ಬರುತ್ತದೆ. ಗೂಬೆಗಳ ಕಣ್ಣಿಗೆ ರಾತ್ರಿ ಫ್ಲಾಶ್ ಹೊಡೆಯುವುದೂ ಬೇಡ.

ಚೆನ್ನಾಗಿಲ್ಲದ ಫೋಟೋಗಳನ್ನೆಲ್ಲ ಅಳಿಸಿಬಿಡಲಾ?

ಹಕ್ಕಿ ಯಾವುದೆಂದು ಗೊತ್ತಾಗುವಷ್ಟಿದ್ದರೆ ಇಟ್ಟುಕೊಳ್ಳಿ. ನಿಮ್ಮೂರಿನ ಕೆರೆಯಲ್ಲಿ ಹಿಂದೆ ದಾಖಲಾಗದ ಹಕ್ಕಿಯೊಂದರ ಮಸುಕು ಚಿತ್ರ, ರಂಗನತಿಟ್ಟಿನ ಇನ್ನೊಂದು ಚಂದದ ಕೊಕ್ಕರೆಗಿಂತ ಬೆಲೆಯುಳ್ಳದ್ದು. ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಜಾಲತಾಣ ಇಬರ್ಡ್‌ನಲ್ಲಿ ಆ ದಿನದ ಪಟ್ಟಿಯ ಜೊತೆ ಅದನ್ನು ಸೇರಿಸಿ. ಊರಿನ ಕೆರೆ ಉಳಿಸಲು ಹೊರಟವರಿಗೆ ಇಂಥ ದಾಖಲೆಗಳು ನಿಜವಾಗಿ ಕೈಗೆ ಬರುತ್ತವೆ. ಗೂಡುಗಳ, ಗೂಬೆಗಳ ಫೋಟೋವನ್ನು ಜಾಲತಾಣಕ್ಕೆ ಹಾಕುವಾಗ ಮಾತ್ರ ಜಾಗದ ಹೆಸರು ಬಿಡಿ, ಫೈಲಿನೊಳಗಿನ ಜಿಪಿಎಸ್ ಗುರುತನ್ನೂ ತೆಗೆಯಿರಿ. ಮತ್ತೆ ಕ್ಯಾಮೆರಾದ ದಿನಾಂಕ, ಗಡಿಯಾರ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ನೋಡಿಕೊಳ್ಳಿ. ತಪ್ಪು ತಾರೀಖಿನ ಫೋಟೋ ಇದ್ದರೆ, ಆ ಹಕ್ಕಿ ಚಳಿಗಾಲಕ್ಕೆ ಬಂದದ್ದೋ ಬೇಸಿಗೆಯಲ್ಲೂ ಇಲ್ಲೇ ಉಳಿದದ್ದೋ ಎಂದು ಆಮೇಲೆ ತಿಳಿಯುವ ದಾರಿಯಿರುವುದಿಲ್ಲ.